20 ಬೈಟ್

ಗಂಗಾವತಿಯಲ್ಲಿ ನವೆಂಬರ್ ಕೊನೆ ಎಂದರೆ ಭತ್ತದ ಕಾಲ. ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಿಂದ ಸೋನಾ ಮಸೂರಿ ಹೇರಿಕೊಂಡು ಬಂದ ಟ್ರ್ಯಾಕ್ಟರ್‌ಗಳು ಅಕ್ಕಿ ಗಿರಣಿಯ ಮುಂದೆ ನಸುಕಿನಿಂದಲೇ ಸಾಲುಗಟ್ಟುತ್ತವೆ. ಆ ಗಿರಣಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನು. ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿದಾಗ ತುಂಬಿದ ತೂಕ, ಇಳಿಸಿ ಬಂದಾಗ ಖಾಲಿ ತೂಕ. ಕಳೆದು ಉಳಿದದ್ದನ್ನು 75ರಿಂದ ಭಾಗಿಸಿದರೆ ಚೀಲದ ಲೆಕ್ಕ. ನಮ್ಮ ಕಡೆ ಭತ್ತದ ದರ ಕೂಗುವುದೇ 75 ಕೆಜಿ ಚೀಲಕ್ಕೆ. ಹಣ ಕೈಗೆ ಬರುವವರೆಗೆ ರೈತನ ಬೆಳೆ ಎಂದರೆ ಅವನ ಜೇಬಿನಲ್ಲಿರುವ ಒಂದು ಚೀಟಿ, ನಮ್ಮ ಡೇಟಾಬೇಸ್‌ನಲ್ಲಿರುವ ಒಂದು ಸಾಲು.

ಅಂದು ಬೆಳಿಗ್ಗೆ ವಿದ್ಯುತ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದಾಗ ಡಿಸ್ಕ್ ಪರಿಶೀಲನೆಯಲ್ಲೇ ನಿಂತುಬಿಟ್ಟಿತು. ಲೆಕ್ಕ ಬರೆಯುವ ಕಾಕಾ ಬಾಗಿಲಲ್ಲಿ ನಿಂತು, “ತಮ್ಮಾ, ತೂಕದ ಲೆಕ್ಕವೆಲ್ಲ ಇದೆಯಲ್ಲ?” ಎಂದರು. “ಇದೆ ಕಾಕಾ. ದಿನಾ ರಾತ್ರಿ ಎರಡು ಗಂಟೆಗೆ ಇನ್ನೊಂದು ಡಿಸ್ಕ್‌ಗೆ ನಕಲು ಹೋಗುತ್ತದೆ” ಎಂದೆ. ಯಂತ್ರ ಎದ್ದಿತು, ಡೇಟಾ ಉಳಿದಿತ್ತು. ಆದರೂ ಬ್ಯಾಕಪ್ ಫೋಲ್ಡರ್ ತೆರೆದು ನೋಡಿದೆ. ದಿನಕ್ಕೊಂದರಂತೆ ಕಡತಗಳು ಒಂದೂ ತಪ್ಪದೆ ಸಾಲಾಗಿದ್ದವು. ಗಾತ್ರದ ಕಾಲಂ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ: 20, 20, 20.

ಕಡತವನ್ನು ಒತ್ತಿ ಚಿಕ್ಕದು ಮಾಡುವ ಜಿಜಿಪ್ ಎಂಬ ತಂತ್ರಾಂಶಕ್ಕೆ ಏನನ್ನೂ ಕೊಡದೆ ಕೆಲಸ ಹಚ್ಚಿದರೆ ಅದು ತನ್ನ ತಲೆಬರಹ, ಖಾಲಿ ಒಡಲು ಮತ್ತು ಬಾಲವನ್ನಷ್ಟೇ ಬರೆದು 20 ಬೈಟ್‌ಗಳ ಕಡತ ಮಾಡಿಡುತ್ತದೆ. ರಾತ್ರಿ ನಕಲು ಮಾಡುವ ನನ್ನ ಸ್ಕ್ರಿಪ್ಟ್‌ನಲ್ಲಿ (ಆದೇಶಗಳ ಪಟ್ಟಿಯಲ್ಲಿ) ಡೇಟಾಬೇಸಿನ ನಕಲು ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕೊಟ್ಟದ್ದು ಪೈಪ್ ಮೂಲಕ, ಅಂದರೆ ನೇರವಾಗಿ, ಜಿಜಿಪ್‌ಗೆ ಹೋಗುತ್ತಿತ್ತು. ಮೊದಲನೆಯದು ಬಿದ್ದರೂ ಎರಡನೆಯದು ಗೆದ್ದಿದ್ದರಿಂದ ಇಡೀ ಸಾಲು ಗೆದ್ದಂತೆ ಲೆಕ್ಕ. ಅದೇ ಸ್ಕ್ರಿಪ್ಟನ್ನು ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದೆ. ಹಲವು ಎಂಬಿಗಳ ಕಡತ ತಕ್ಷಣ ಬಂದಿತು. ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅದನ್ನು ಬರೆದ ದಿನವೂ ಹೀಗೆಯೇ ಕೈಯಾರೆ ಓಡಿಸಿ, ಸರಿಯಾಗಿದೆ ಎಂದು ನಂಬಿ ಮನೆಗೆ ಹೋಗಿದ್ದೆ.

ಸಿಸ್ಟಂ ಲಾಗ್‌ನಲ್ಲಿ ಪ್ರತಿ ರಾತ್ರಿಯೂ ಒಂದೇ ಸಾಲು: ಅಂಚೆ ಕಳಿಸುವ ತಂತ್ರಾಂಶ ಇಲ್ಲ, ಔಟ್‌ಪುಟ್ ಎಸೆಯಲಾಗಿದೆ. ನಿಗದಿತ ಹೊತ್ತಿಗೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಕ್ರಾನ್ ದೋಷದ ಸಂದೇಶವನ್ನು ಇಮೇಲ್ ಮಾಡಲು ನೋಡುತ್ತಿತ್ತು, ದಾರಿಯಿಲ್ಲದೆ ಬಿಸಾಡುತ್ತಿತ್ತು. ಸ್ಕ್ರಿಪ್ಟ್‌ನ ದೋಷಗಳು ಒಂದು ಲಾಗ್ ಕಡತಕ್ಕೆ ಹೋಗುವಂತೆ ಮಾಡಿ, ಕೆಲಸವನ್ನು ಎರಡು ನಿಮಿಷ ಮುಂದಕ್ಕೆ ಹಚ್ಚಿದೆ. ಉತ್ತರ ಬಂದಿತು: ಮೈಎಸ್‌ಕ್ಯೂಎಲ್‌ಡಂಪ್ ಎಂಬ ಆದೇಶವೇ ಸಿಗಲಿಲ್ಲ.

ಕ್ರಾನ್ ಯಾವ ಪರಿಸರದಲ್ಲಿ ಓಡುತ್ತದೆ ಎಂದು ತಿಳಿಯಲು, ಆ ಸೆಟ್ಟಿಂಗ್‌ಗಳನ್ನು ತೋರಿಸುವ ‘ಎನ್ವ್’ ಆದೇಶವನ್ನೇ ಅದರಿಂದ ಓಡಿಸಿ, ಫಲಿತಾಂಶವನ್ನು ಕಡತಕ್ಕೆ ಬರೆಸಿದೆ. ನನ್ನ ಟರ್ಮಿನಲ್‌ನಲ್ಲಿ ಅದೇ ಆದೇಶ ಪರದೆ ತುಂಬ ಸಾಲು ಕೊಡುತ್ತದೆ. ಕ್ರಾನ್ ಕೊಟ್ಟದ್ದು ಬೆರಳೆಣಿಕೆಯಷ್ಟು. ಶೆಲ್, ಅಂದರೆ ಆದೇಶ ಓದಿ ನಡೆಸುವ ತಂತ್ರಾಂಶ, ನಾನು ಬಳಸುವ ಬ್ಯಾಶ್ ಅಲ್ಲ, ಬರಿಯ ಎಸ್ಎಚ್. ಆದೇಶಗಳನ್ನು ಹುಡುಕುವ ಪಾತ್‌ನಲ್ಲಿ ಎರಡೇ ಫೋಲ್ಡರ್. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲನ್ನು ನಾನು ‘ಯೂಸರ್ ಲೋಕಲ್’ ಎಂಬ ಬೇರೆ ಫೋಲ್ಡರ್‌ನ ಅಡಿಯಲ್ಲಿ ಇಟ್ಟಿದ್ದೆ. ಆ ವಿಳಾಸ ಇದ್ದದ್ದು ನಾನು ಲಾಗಿನ್ ಆದಾಗ ಓದಿಸಿಕೊಳ್ಳುವ ನನ್ನ ಪ್ರೊಫೈಲ್ ಕಡತದಲ್ಲಿ, ಕ್ರಾನ್ ಅದನ್ನು ಓದುವುದೇ ಇಲ್ಲ.

ಪೂರ್ಣ ವಿಳಾಸ ಬರೆದೆ. ಮತ್ತೆ 20. ಈ ಸಲ ಲಾಗ್‌ನಲ್ಲಿ ಪ್ರವೇಶ ನಿರಾಕರಣೆ. ಪಾಸ್‌ವರ್ಡ್ ಇರುವ ಕಡತ ನನ್ನ ಹೋಮ್ ಫೋಲ್ಡರ್‌ನಲ್ಲಿತ್ತು; ಕೆಲಸ ಓಡುತ್ತಿದ್ದದ್ದು ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿನಲ್ಲಿ, ಅದು ಹುಡುಕುವುದು ರೂಟ್‌ನ ಫೋಲ್ಡರ್‌ನಲ್ಲಿ. ಕಡತ ಎಲ್ಲಿದೆ ಎಂದು ಡಂಪ್ ಆದೇಶಕ್ಕೇ ನೇರವಾಗಿ ತಿಳಿಸಿದೆ. ಸ್ಕ್ರಿಪ್ಟ್ ಬ್ಯಾಶ್‌ನಲ್ಲೇ ಓಡುವಂತೆ ಮೊದಲ ಸಾಲು ತಿದ್ದಿ, ಪೈಪ್‌ಫೇಲ್ ಎಂಬ ಆಯ್ಕೆ ಸೇರಿಸಿದೆ. ಇನ್ನು ಡಂಪ್ ಬಿದ್ದರೆ ಇಡೀ ಸಾಲು ಬಿದ್ದಂತೆಯೇ.

ಮುಂದಿನ ಓಟದಲ್ಲಿ ಗಾತ್ರ ಸರಿಯಾಗಿ ಬಂದಿತು. ಗಾತ್ರವೊಂದನ್ನೇ ನಂಬುವ ಧೈರ್ಯ ನನಗೆ ಉಳಿದಿರಲಿಲ್ಲ. ಕಡತ ಬಿಚ್ಚಿ ಕೊನೆಯ ಸಾಲು ನೋಡಿದೆ. ಡಂಪ್ ಪೂರ್ಣಗೊಂಡಿದೆ ಎಂಬ ಒಕ್ಕಣೆ, ಪಕ್ಕದಲ್ಲಿ ಅಂದಿನ ದಿನಾಂಕ. ಬೇರೊಂದು ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ಎಲ್ಲವನ್ನೂ ತುಂಬಿಸಿದೆ.

ಸಂಜೆ ಕಾಕಾ ತಂತಿಗೆ ಚುಚ್ಚಿದ್ದ ಚೀಟಿಗಳನ್ನು ಬಿಚ್ಚಿಕೊಂಡು ನನ್ನ ಪಕ್ಕ ಕುಳಿತರು. ಹೊರಗೆ ಹಮಾಲರು ಇನ್ನೂ ಚೀಲ ಇಳಿಸುತ್ತಿದ್ದರು. ಏನಾಗಿತ್ತೆಂದು ಅವರಿಗೆ ಮುಚ್ಚಿಡದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ಮೂಗಿನ ಮೇಲಕ್ಕೇರಿಸಿ, “ಓದುತ್ತೇನೆ, ನೋಡಿಕೋ” ಎಂದರು.

“ತುಂಬಿದ್ದು 11,340.”

“ಇದೆ ಕಾಕಾ.”

“ಖಾಲಿ 3,840. ನಿವ್ವಳ 7,500, ನೂರು ಚೀಲ.”

“ಇದೆ.”

ಅವರು ಆ ಚೀಟಿಯನ್ನು ಮತ್ತೆ ತಂತಿಗೆ ಚುಚ್ಚಿ ಮುಂದಿನದನ್ನು ಕೈಗೆತ್ತಿಕೊಂಡರು.