ಟ್ಯೂರಿನ್ ಶವವಸ್ತ್ರದ ಮೇಲಿರುವುದು ನಿಜವಾದ ರಕ್ತವೇ?

ಯೇಸುವಿನ ಶವಕ್ಕೆ ಸುತ್ತಿದ್ದು ಎಂದು ಭಕ್ತರು ನಂಬುವ, ಮನುಷ್ಯದೇಹದ ಮಸುಕಾದ ಚಿತ್ರ ಮೂಡಿರುವ ಬಟ್ಟೆ ಇಟಲಿಯ ಟ್ಯೂರಿನ್ ನಗರದ ಪ್ರಧಾನ ಚರ್ಚಿನಲ್ಲಿದೆ. ಅದರ ವಿಷಯ ಬಂದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ: ಅದರ ಮೇಲಿನ ಕೆಂಪು ಕಲೆಗಳು ರಕ್ತವೋ, ಬಣ್ಣವೋ?

ನನ್ನ ಉತ್ತರ ಇಷ್ಟು. ರಕ್ತದ ಅಂಶ ಇರುವ ಸಾಧ್ಯತೆ ಹೆಚ್ಚು. ಅದು ಮನುಷ್ಯನದೇ ಎನ್ನಲು ಇರುವ ಪುರಾವೆ ಗಟ್ಟಿಯಿಲ್ಲ. ಬಟ್ಟೆಯಲ್ಲಿ ಸುತ್ತಿದ ಶವದ ಗಾಯಗಳಿಂದ ಹರಿದದ್ದು ಎನ್ನಲು ಇರುವ ಪುರಾವೆ ಅದಕ್ಕಿಂತ ದುರ್ಬಲ. ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಸಿಕ್ಕ ‘ಹೌದು’ ಮಿಕ್ಕೆರಡಕ್ಕೂ ಸಲ್ಲುತ್ತದೆ ಎಂದುಕೊಳ್ಳುವುದರಿಂದಲೇ ಗೊಂದಲ ಹುಟ್ಟುತ್ತದೆ.

ಬಟ್ಟೆ ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲದ ಲಿನನ್. ಅಗಸೆ ಗಿಡವನ್ನು ನೀರಿನಲ್ಲಿ ಕೊಳೆಸಿ ನಾರು ಬಿಡಿಸುತ್ತಾರೆ. ಆ ನೀರಿನ ಕಬ್ಬಿಣ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ನಾರಿಗೆ ಹಿಡಿದುಕೊಳ್ಳುತ್ತವೆ. 1978ರಲ್ಲಿ ಅಮೆರಿಕದ ‘ಸ್ಟರ್ಪ್’ ವಿಜ್ಞಾನಿಗಳ ತಂಡ ಎಕ್ಸ್‌ರೇ ಪ್ರತಿದೀಪ್ತಿಯಿಂದ (ಎಕ್ಸ್‌ರೇ ಬಿದ್ದಾಗ ಪ್ರತಿ ಧಾತು ಹೊಮ್ಮಿಸುವ ಕಿರಣದಿಂದ ಅದನ್ನು ಗುರುತಿಸುವ ವಿಧಾನ) ಅಳೆದಾಗ ಈ ಮೂರೂ ಬಟ್ಟೆಯುದ್ದಕ್ಕೂ ಸಿಕ್ಕವು. ಕಲೆಗಳಿದ್ದಲ್ಲಿ ಕಬ್ಬಿಣ ಮಾತ್ರ ಹೆಚ್ಚಿತ್ತು. ಆದರೆ ಕಬ್ಬಿಣ ರಕ್ತದಲ್ಲೂ ಇದೆ, ಕೆಮ್ಮಣ್ಣಿನಲ್ಲೂ ಇದೆ. ‘ಕಬ್ಬಿಣ ಸಿಕ್ಕಿತು, ಆದ್ದರಿಂದ ರಕ್ತ’ ಎಂಬ ವಾದಕ್ಕೆ ಬೆಲೆಯಿಲ್ಲ.

ಹಾಗಾದರೆ ಪೊಲೀಸ್ ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯನ್ನೇ ಮಾಡಬಾರದೇ? ಅಲ್ಲಿ ಸಾಮಾನ್ಯವಾಗಿ ಮೊದಲು ನಡೆಯುವುದು ಕ್ಯಾಸ್ಟಲ್-ಮೇಯರ್ ಪರೀಕ್ಷೆ. ಕಲೆಯನ್ನು ಹತ್ತಿಯಿಂದ ಒರೆಸಿ, ಒಂದು ಹನಿ ಆಲ್ಕೋಹಾಲ್, ಆಮೇಲೆ ಒಂದು ಹನಿ ಫಿನಾಲ್ಫ್ತಲೀನ್ ದ್ರಾವಣ, ಕೊನೆಗೆ ಒಂದು ಹನಿ 3% ಹೈಡ್ರೋಜನ್ ಪೆರಾಕ್ಸೈಡ್. ರಕ್ತವಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಗುಲಾಬಿ ಬಣ್ಣ. ಕ್ರಮ ತಪ್ಪಬಾರದು: ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಅದು ಬೇರಾವುದೋ ಉತ್ಕರ್ಷಕದ ಕೆಲಸ. ತಡವಾಗಿ ಬಂದ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದ್ರಾವಣ ತಾನಾಗಿಯೇ ಗಾಳಿಗೆ ಕೆಂಪಾಗುತ್ತದೆ. ಸರಿಯಾಗಿ ಮಾಡಿದರೂ ಇದು ಬರೀ ಸೂಚನೆ. ತಾಮ್ರದ ಲವಣ, ಕೆಲವು ಸಸ್ಯರಸಗಳು ಕೂಡ ಹೀಗೇ ಬಣ್ಣ ಕೊಡುತ್ತವೆ. ಹಳೆಯ ಕಲೆಗಳಲ್ಲಿ ತೊಂದರೆ ಇದರ ತದ್ವಿರುದ್ಧ: ಹಿಮೋಗ್ಲೋಬಿನ್ ಕೆಟ್ಟು ನಾರಿಗೆ ಕಚ್ಚಿಕೊಂಡು ಕರಗದಂತಾಗುತ್ತದೆ, ರಕ್ತವಿದ್ದರೂ ಪರೀಕ್ಷೆ ‘ಇಲ್ಲ’ ಎನ್ನಬಹುದು. 1973ರಲ್ಲಿ ಇಟಲಿಯ ತಜ್ಞರು ಈ ಬಟ್ಟೆಯ ದಾರಗಳ ಮೇಲೆ ಇದೇ ಬಗೆಯ ಬೆಂಜಿಡೀನ್ ಪರೀಕ್ಷೆ ಮಾಡಿದಾಗ ಬಂದದ್ದು ‘ಇಲ್ಲ’. ರಕ್ತವೇ ಅಲ್ಲ ಎಂದು ಅದರಿಂದ ಹೇಳಲಾಗದು.

ವಿಜ್ಞಾನಿಗಳಾದ ಜಾನ್ ಹೆಲ್ಲರ್ ಮತ್ತು ಅಲನ್ ಆಡ್ಲರ್ ಅವರ ಕೆಲಸ ಮುಖ್ಯವಾಗುವುದು ಇಲ್ಲಿ. 1978ರಲ್ಲಿ ಬಟ್ಟೆಯ ಮೇಲೆ ಅಂಟುಟೇಪು ಒತ್ತಿ ಎತ್ತಿದ ನಾರುಗಳೇ ಅವರ ಮಾದರಿ. ಹೈಡ್ರಜೀನ್ ಮತ್ತು ಫಾರ್ಮಿಕ್ ಆಮ್ಲದ ಆವಿಗೆ ಅವರು ಆ ನಾರುಗಳನ್ನು ಒಡ್ಡಿದರು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಅಣುವಿನ ನಡುವೆ ಕಬ್ಬಿಣ ಕೂತಿರುವವರೆಗೆ ಅದು ಹೊಳೆಯುವುದಿಲ್ಲ. ಕಬ್ಬಿಣ ಹೊರಬಿದ್ದರೆ ಉಳಿಯುವ ಪಾರ್ಫಿರಿನ್ ನೇರಳಾತೀತ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಹೊಳೆಯಿತು. ಕೆಮ್ಮಣ್ಣು ಹೀಗೆ ಹೊಳೆಯಲಾರದು. ಪ್ರೋಟೀನು ಕರಗಿಸುವ ಕಿಣ್ವ ಹಾಕಿದಾಗ ಕೆಂಪು ಲೇಪ ಕರಗಿತು, ಅದರಡಿಯ ನಾರಿನಲ್ಲಿ ದೇಹಚಿತ್ರದ ಹಳದಿ ಇರಲಿಲ್ಲ. ಹಾಗಾಗಿ ಕಲೆ ಮೊದಲು, ಚಿತ್ರ ಆಮೇಲೆ ಎಂದು ಅವರು ತೀರ್ಮಾನಿಸಿದರು. ರಕ್ತದ ಅಂಶ ಇರಬೇಕು ಎಂಬ ನನ್ನ ಅಭಿಪ್ರಾಯಕ್ಕೆ ಮುಖ್ಯ ಆಧಾರ ಆ ಹೊಳಪು.

ಅದೇ ಟೇಪುಗಳನ್ನು ನೋಡಿದ ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಕಂಡದ್ದು ಜೆಲಾಟಿನ್ ಅಂಟಿನಲ್ಲಿ ಕಲಸಿದ ಕೆಮ್ಮಣ್ಣು ಮತ್ತು ಇಂಗಳೀಕ (ಪಾದರಸದಿಂದಾದ ಕೆಂಪು ಬಣ್ಣ). ಅಂಟನ್ನು ಗುರುತಿಸಲು ಅವರು ಬಳಸಿದ ಅಮಿಡೋ ಬ್ಲ್ಯಾಕ್ ಬಣ್ಣ ಬರೀ ಲಿನನ್ ನಾರಿಗೂ ಹಿಡಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವರು ಕಂಡ ಕೆಂಪು ಕಣಗಳನ್ನು ತಳ್ಳಿಹಾಕುವಂತಿಲ್ಲ. ಹಿಂದೆ ಈ ಬಟ್ಟೆಯ ನಕಲು ಚಿತ್ರಗಳನ್ನು ಬರೆದು, ಪಾವನವಾಗಲೆಂದು ಮೂಲಕ್ಕೆ ಮುಟ್ಟಿಸುವ ಪದ್ಧತಿಯಿತ್ತು. ಒಂದಷ್ಟು ಬಣ್ಣ ಹಾಗೆ ಬಂದಿರಬಹುದು. ಜೊತೆಗೆ ಟೇಪು ಒತ್ತುವ ವಿಧಾನದಲ್ಲೇ ಒಂದು ದೋಷವಿದೆ: ಮೇಲಿನ ಧೂಳು, ಕಲೆಯ ಚೂರು ಎಲ್ಲ ಒಂದೇ ಅಂಟಿನಲ್ಲಿ ಬೆರೆಯುತ್ತವೆ, ಯಾವ ಕಣ ಯಾವ ಪದರದ್ದು ಎಂದು ಆಮೇಲೆ ಹೇಳಲಾಗುವುದಿಲ್ಲ.

‘ಇಷ್ಟು ಹಳೆಯ ರಕ್ತ ಕಪ್ಪಾಗದೆ ಕೆಂಪಾಗಿರುವುದು ಹೇಗೆ?’ ಎಂಬುದು ಬೆನ್ನಿಗೇ ಬರುವ ಪ್ರಶ್ನೆ. ಒಣಗಿದ ರಕ್ತ ಮೆಟ್‌ಹಿಮೋಗ್ಲೋಬಿನ್ (ಹಿಮೋಗ್ಲೋಬಿನ್ನಿನ ಕಂದು ರೂಪ) ಆಗಿ ಕಂದುತ್ತದೆ. ಚಿತ್ರಹಿಂಸೆಗೊಳಗಾದ ದೇಹದ ರಕ್ತದಲ್ಲಿ ಬಿಲಿರುಬಿನ್ (ಹಿಮೋಗ್ಲೋಬಿನ್ ಒಡೆದು ಉಂಟಾಗುವ ಹಳದಿ ವಸ್ತು) ಹೆಚ್ಚಿರುತ್ತದೆ, ಅದರಿಂದ ಕೆಂಪು ಉಳಿದಿದೆ ಎಂದು ಆಡ್ಲರ್ ವಿವರಿಸಿದರು. ನನಗೆ ಇದು ಒಪ್ಪಿಗೆಯಾಗಿಲ್ಲ. ಬಿಲಿರುಬಿನ್ ಬೆಳಕಿಗೆ ಒಡೆಯುವ ವಸ್ತು. ಕಾಮಾಲೆಯಾದ ಹಸುಗೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದು ಇದೇ ಕಾರಣಕ್ಕೆ. ಸಾರ್ವಜನಿಕ ದರ್ಶನಕ್ಕೆ ಮತ್ತೆ ಮತ್ತೆ ಬೆಳಕಿಗೆ ಬಂದ ಬಟ್ಟೆಯಲ್ಲಿ ಅದು ಶತಮಾನಗಟ್ಟಲೆ ಬಣ್ಣ ಕಾಯ್ದಿತೆಂದು ನಂಬುವುದು ಕಷ್ಟ.

ರಕ್ತದ ಗುಂಪು ಎಬಿ ಎಂದು ಇಟಲಿಯ ವಿಧಿವೈದ್ಯ ಪಿಯರ್‌ಲುಯಿಜಿ ಬೈಮಾ ಬೊಲ್ಲೋನೆ ಹೇಳಿದ್ದು ತುಂಬ ಪ್ರಚಾರ ಪಡೆಯಿತು. ಎ ಮತ್ತು ಬಿ ಪ್ರತಿಜನಕಗಳನ್ನು (ರಕ್ತದ ಗುಂಪನ್ನು ನಿರ್ಧರಿಸುವ ಗುರುತುಗಳನ್ನು) ಹೋಲುವ ಸಕ್ಕರೆ ಸರಪಳಿಗಳು ಬ್ಯಾಕ್ಟೀರಿಯಾಗಳಲ್ಲೂ ಇವೆ. ಹಲವರ ಬೆವರು, ಎಂಜಲು ತಾಗಿದ ಹಳೆಯ ಬಟ್ಟೆಯಲ್ಲಿ ಎರಡೂ ಸಿಗುವುದು ಸಹಜ. ಡಿಎನ್‌ಎ ವಿಷಯವೂ ಅಷ್ಟೆ. 2015ರ ಅಧ್ಯಯನದಲ್ಲಿ ಭಾರತದಲ್ಲಿ ಕಾಣುವ ವಂಶಗುಂಪುಗಳೂ (ಒಂದೇ ಪೂರ್ವಜರನ್ನು ಸೂಚಿಸುವ ಡಿಎನ್‌ಎ ಗುರುತುಗಳು) ಸಿಕ್ಕವೆಂದು ನಮ್ಮಲ್ಲಿ ಸುದ್ದಿಯಾಯಿತು. ಆದರೆ ಪರೀಕ್ಷಿಸಿದ್ದು ಬಟ್ಟೆಯಿಂದ ಹೀರಿ ತೆಗೆದ ಧೂಳನ್ನು, ಕಲೆಯನ್ನಲ್ಲ.

ಕಲೆ ಶವದ ಗಾಯಗಳಿಂದ ಹರಿದದ್ದೇ ಎಂಬ ಮೂರನೆಯ ಪ್ರಶ್ನೆಗೆ ರಸಾಯನಶಾಸ್ತ್ರ ಬೇಕಿಲ್ಲ, ರಕ್ತ ಹರಿಯುವ ದಿಕ್ಕು ಸಾಕು. ಇಟಲಿಯ ಸಂಶೋಧಕರಾದ ಮ್ಯಾಟಿಯೊ ಬೊರ್ರಿನಿ ಮತ್ತು ಲುಯಿಜಿ ಗಾರ್ಲಸ್ಕೆಲ್ಲಿ 2018ರಲ್ಲಿ ಜೀವಂತ ವ್ಯಕ್ತಿಯ ಕೈಯ ಕೋನ ಬದಲಿಸುತ್ತ ರಕ್ತ ಹರಿಯಬಿಟ್ಟು ನೋಡಿದರು. ಎಡಗೈ ಹಿಂಭಾಗದ ಎರಡು ಸಣ್ಣ ಧಾರೆಗಳಿಗೆ ತೋಳು ಸುಮಾರು 45 ಡಿಗ್ರಿಯಲ್ಲಿರಬೇಕು. ಮುಂಗೈಯ ಧಾರೆಗಳಿಗೆ ತೋಳು ಬಹುತೇಕ ಲಂಬವಾಗಿರಬೇಕು. ಎರಡೂ ಒಂದೇ ಭಂಗಿಯಲ್ಲಿ ಕೂಡಿಬರಲಿಲ್ಲ. ಎದೆಯ ಈಟಿ ಗಾಯದ ಕಲೆ ನಿಂತ ದೇಹಕ್ಕೆ ಒಪ್ಪಿತು. ಅದೇ ಗಾಯದಿಂದ ಬೆನ್ನಿನತ್ತ ಹರಿದಿದೆಯೆನ್ನುವ ಕಲೆ ಅಂಗಾತ ಮಲಗಿದ ಶವಕ್ಕೆ ಒಪ್ಪಲಿಲ್ಲ. ಶವವನ್ನು ಇಳಿಸಿ ಸಾಗಿಸುವಾಗ ದಿಕ್ಕು ಬದಲಾಗಿರಬಹುದು ಎಂಬ ಉತ್ತರ ಕೈಗಳ ಮಟ್ಟಿಗೆ ಕೇಳಬೇಕಾದದ್ದು. ಬೆನ್ನಿನ ಕಲೆಗೆ ಅದು ಸಾಲುವುದಿಲ್ಲ.

ಬಟ್ಟೆಯ ಕಾಲದ ಬಗ್ಗೆ ರಕ್ತದ ಪರೀಕ್ಷೆಗಳು ಏನೂ ಹೇಳುವುದಿಲ್ಲ. ಅದಕ್ಕಿರುವುದು 1988ರ ಕಾರ್ಬನ್ ಪರೀಕ್ಷೆ. ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ ಪ್ರಯೋಗಾಲಯಗಳು ಕೊಟ್ಟ ಕಾಲ ಕ್ರಿ.ಶ. 1260–1390.

2017ರಲ್ಲಿ ಒಂದು ನಾರಿನಲ್ಲಿ ಚಿತ್ರಹಿಂಸೆಯ ಗುರುತಾದ ಕ್ರಿಯಾಟಿನಿನ್ ಕಣಗಳು ಸಿಕ್ಕವೆಂದು ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಲೇಖನವನ್ನು ಈಗಲೂ ಹಲವರು ಕಳಿಸುತ್ತಾರೆ. ಪತ್ರಿಕೆ ಅದನ್ನು 2018ರಲ್ಲೇ ಹಿಂತೆಗೆದುಕೊಂಡಿದೆ.

ಮನುಷ್ಯನದೋ ಅಲ್ಲವೋ ಎಂಬುದನ್ನು ಇಂದು ಬಗೆಹರಿಸಲು ದಾರಿಯಿದೆ. ಕಲೆಯಿರುವ ದಾರದ ತುಣುಕನ್ನು ಪ್ರೋಟೀನು ಒಡೆಯುವ ಕಿಣ್ವವಾದ ಟ್ರಿಪ್ಸಿನ್‌ನಿಂದ ಜೀರ್ಣಿಸಿ, ಸಿಗುವ ಪ್ರೋಟೀನು ತುಣುಕುಗಳಾದ ಪೆಪ್ಟೈಡ್‌ಗಳನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಓದಿದರೆ ಮನುಷ್ಯನ ಹಿಮೋಗ್ಲೋಬಿನ್ ಮತ್ತು ದನದ ಹಿಮೋಗ್ಲೋಬಿನ್ ನಡುವಿನ ವ್ಯತ್ಯಾಸ ಅಮೈನೋ ಆಮ್ಲಗಳ ಸಾಲಿನಲ್ಲೇ ಕಾಣುತ್ತದೆ; ಜೆಲಾಟಿನ್ ಇದ್ದರೆ ಅದರ ಮೂಲವಾದ ಕೊಲಾಜನ್ ಪ್ರೋಟೀನಿನ ತುಣುಕುಗಳೂ ಅದೇ ಓದಿನಲ್ಲಿ ಸಿಗುತ್ತವೆ. ಜೊತೆಗೆ ಕಲೆಯಿಲ್ಲದ ಜಾಗದ ದಾರ, ಅದೇ ಕಾಲದ ಬೇರೆ ಲಿನನ್, ದನದ ರಕ್ತ ಹಚ್ಚಿದ್ದು, ಕೆಮ್ಮಣ್ಣು ಹಚ್ಚಿದ್ದು — ಇವನ್ನೆಲ್ಲ ಹೆಸರಿಲ್ಲದೆ, ಬರೀ ಸಂಖ್ಯೆ ಬರೆದು, ಕನಿಷ್ಠ ಎರಡು ಪ್ರಯೋಗಾಲಯಗಳಿಗೆ ಕೊಡಬೇಕು. ಮಾದರಿ ತೆಗೆಯಲು ಅನುಮತಿ ಬೇಕಾದದ್ದು ಪೋಪ್ ಅವರಿಂದ. 1983ರಲ್ಲಿ ಇಟಲಿಯ ಕೊನೆಯ ದೊರೆ ಎರಡನೆಯ ಉಂಬರ್ಟೊ ಉಯಿಲಿನ ಮೂಲಕ ಬಟ್ಟೆಯನ್ನು ಅವರಿಗೆ ಬಿಟ್ಟುಹೋದರು.