ಇಸ್ತಾಂಬುಲ್‌ನಲ್ಲಿ ಕಾನೂನು ಹುಡುಕಲು ಹೋಗಿ 40 ಯೂರೋ ಕಳಕೊಂಡದ್ದು

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಇಳಿಯುವುದಿಲ್ಲ.

ಆಯಾ ಸೋಫಿಯಾ, ಅಂದರೆ ಚರ್ಚಾಗಿ ಕಟ್ಟಿ ಆಮೇಲೆ ಮಸೀದಿಯಾದ ಹಳೆಯ ಕಟ್ಟಡ, ಅದರ ಮುಂದಿನ ಚೌಕದಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗನೊಬ್ಬ ನಮ್ಮನ್ನು ಹಿಡಿದ. ಕ್ಯೂ ಇಲ್ಲ, ಗೈಡ್ ಇದ್ದಾರೆ, ತಲೆಗೆ 45 ಯೂರೋ ಅಂದ. ನಾವು ಇಬ್ಬರು, 90 ಕೊಟ್ಟೆವು. ಗೈಡ್ ಅನ್ನಿಸಿಕೊಂಡವರು ಐದು ನಿಮಿಷ ಏನೋ ಹೇಳಿ, ಸೆಕ್ಯೂರಿಟಿ ಸಾಲಿನ ಬಾಲದಲ್ಲಿ ನಮ್ಮನ್ನು ನಿಲ್ಲಿಸಿ ಮಾಯವಾದರು. ಆ ಸಾಲಿನಲ್ಲಿ ಎಲ್ಲರೂ ನಿಲ್ಲಲೇಬೇಕು, ಯಾವ ಟಿಕೆಟ್ ಇದ್ದರೂ ಅಷ್ಟೇ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಒಳಗೆ ಹೋಗುವಾಗ ಕೌಂಟರಿನ ಬೋರ್ಡ್ ಕಂಡಿತು: 25 ಯೂರೋ. ನನ್ನ ಜೊತೆ ಇದ್ದವರು ನಮ್ಮ ಭಾವ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿದವರು. "ರಸೀದಿ ತಗೊಂಡ್ಯೇನೋ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಕೇಸೇ ಇಲ್ಲ, ನಡಿ" ಅಂದರು.

ಈ ಪ್ರವಾಸ ಅವರದೇ ಹುಚ್ಚು. ರೋಮನ್ ಕಾನೂನನ್ನೆಲ್ಲ ಒಟ್ಟು ಮಾಡಿಸಿದ ಚಕ್ರವರ್ತಿ ಜಸ್ಟಿನಿಯನ್ ಹೆಸರನ್ನು ಲಾ ಕಾಲೇಜಿನಲ್ಲಿ ಉರು ಹೊಡೆದಿದ್ದರಂತೆ. ನಿವೃತ್ತರಾದ ಮೇಲೆ ಅವನ ಊರು ನೋಡಬೇಕು ಅಂತ ಹಟ. ರೋಮನ್ನರ ಕ್ರೈಸ್ತ ಸಾಮ್ರಾಜ್ಯ, ಆಮೇಲೆ ಒಟ್ಟೊಮನ್ ತುರ್ಕರ ಇಸ್ಲಾಮಿ ಸಾಮ್ರಾಜ್ಯ, ಎರಡೂ ಒಂದೇ ಊರಿನಿಂದ ಆಳಿದ್ದು, ಎರಡರ ಕಾನೂನೂ ಇಲ್ಲೇ ಹುಟ್ಟಿದ್ದು. ಆದರೆ ನಿಮಗೂ ಇಂಥ ಆಸೆ ಇದ್ದರೆ ಒಂದು ಮಾತು. ಕಾನೂನಿನದು ಅಂತ ತೋರಿಸುವ ಕಟ್ಟಡ ನಮಗೆ ಒಂದೂ ಸಿಗಲಿಲ್ಲ. ಚರ್ಚು, ಮಸೀದಿ, ಗೋರಿ ಇವುಗಳಲ್ಲೇ ಹುಡುಕಿಕೊಳ್ಳಬೇಕು.

ಟಿಕೆಟ್ ಕೊಂಡ ವಿದೇಶಿಯರಿಗೆ ಆಯಾ ಸೋಫಿಯಾದ ಮಹಡಿ ಮಾತ್ರ. ಕೆಳಗಿನ ಭಾಗ ನಮಾಜಿಗೆ ಬರುವವರಿಗೆ. ಅದರಲ್ಲಿ ತಪ್ಪೇನೂ ಇಲ್ಲ, 2020ರಿಂದ ಅದು ಮತ್ತೆ ಮಸೀದಿ. ನಮ್ಮ ಗ್ರಹಚಾರ ಅಂದರೆ ಭಾವ ನೋಡಲೇಬೇಕು ಅಂದಿದ್ದ ಚಿತ್ರ ಇರುವುದು ಕೆಳಗೆ, ದೊಡ್ಡ ಬಾಗಿಲಿನ ಮೇಲೆ. ಚಕ್ರವರ್ತಿಯೊಬ್ಬ ಏಸುವಿನ ಕಾಲಿಗೆ ಬಿದ್ದಿರುವ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. ಆರನೆಯ ಲಿಯೋ ಇರಬೇಕು ಅಂತ ಬಹಳ ಜನ ಹೇಳುತ್ತಾರೆ. ಈ ಲಿಯೋ ಮೂರನೇ ಮದುವೆ ತಪ್ಪು ಅಂತ ತಾನೇ ಕಾನೂನು ಮಾಡಿದವನು. ಚರ್ಚಿನ ಆಶೀರ್ವಾದ ಇಲ್ಲದ ಮದುವೆ ಮದುವೆಯೇ ಅಲ್ಲ ಅಂದವನೂ ಅವನೇ. ಆಮೇಲೆ ಹೆಂಡತಿಯರು ಒಬ್ಬರ ಹಿಂದೊಬ್ಬರು ಸತ್ತು, ಗಂಡು ಸಂತಾನ ಇಲ್ಲದೆ, ತಾನೇ ಮೂರನೆಯದೂ ಆಗಿ ನಾಲ್ಕನೆಯದಕ್ಕೂ ಕೈ ಹಾಕಿದ. 906ರ ಕ್ರಿಸ್‌ಮಸ್ ದಿನ ಧರ್ಮಗುರು ನಿಕೋಲಸ್ ಅವನನ್ನು ಇದೇ ಚರ್ಚಿನ ಬಾಗಿಲಲ್ಲಿ ತಡೆದ. ಮುಂದಿನ ತಿಂಗಳ ಹಬ್ಬಕ್ಕೂ ತಡೆದ. ಚಕ್ರವರ್ತಿ ಏನು ಮಾಡಿದ? ಗುರುವನ್ನೇ ಕೆಳಗಿಳಿಸಿ ಬೇರೆಯವರನ್ನು ಕೂರಿಸಿದ. ಆದರೆ ಅವನು ಸತ್ತ ಮೇಲೆ, 920ರಲ್ಲಿ, ನಾಲ್ಕನೇ ಮದುವೆ ಯಾರಿಗೂ ಇಲ್ಲ ಅಂತ ಚರ್ಚು ಶಾಶ್ವತವಾಗಿ ತೀರ್ಮಾನ ಮಾಡಿತು. ಅಷ್ಟು ದೂರ ಹೋಗಿ ಆ ಬಾಗಿಲು ನೋಡಲಾಗಲಿಲ್ಲ. ನೀವು ಮೊದಲೇ ತಿಳಿದುಕೊಂಡು ಹೋಗಿ, ಬೇಜಾರು ಕಮ್ಮಿ ಆಗುತ್ತೆ.

ಮಹಡಿಯೇನೂ ದಂಡವಲ್ಲ. ದಕ್ಷಿಣದ ಕಡೆ ಅಮೃತಶಿಲೆಯ ಬಾಗಿಲು ದಾಟಿದರೆ ಪಾದ್ರಿಗಳ ಸಭೆ ಕೂರುತ್ತಿದ್ದ ಜಾಗ. ಅಲ್ಲಿ ಒಂದು ಕಂಬಕ್ಕೆ ಒರಗಿಕೊಂಡು ಭಾವ ಪಾಠ ಶುರು ಮಾಡಿದರು. ಈ ಕಟ್ಟಡ ಎದ್ದಿದ್ದು 532ರಿಂದ 537ರ ನಡುವೆ. ಜಸ್ಟಿನಿಯನ್ನನ ಕಾನೂನು ಸಂಗ್ರಹ ತಯಾರಾಗಿದ್ದು 529ರಿಂದ 534ರ ನಡುವೆ. ಹೆಚ್ಚುಕಮ್ಮಿ ಒಂದೇ ಹೊತ್ತಿನ ಕೆಲಸ. ಹಳೆಯ ರೋಮನ್ ಪಂಡಿತರ 30 ಲಕ್ಷ ಸಾಲುಗಳನ್ನು ಒಂದೂವರೆ ಲಕ್ಷಕ್ಕೆ ಇಳಿಸಿದೆವು ಅಂತ ಸಂಗ್ರಹ ಮಾಡಿದವರೇ ಹೇಳಿಕೊಂಡಿದ್ದಾರೆ. ಕೆಲಸದ ಮೇಸ್ತ್ರಿ ತ್ರಿಬೋನಿಯನ್. 532ರ ದಂಗೆಯಲ್ಲಿ ಜನ ಹಳೆಯ ಚರ್ಚನ್ನು ಸುಟ್ಟು, ಅವನು ಲಂಚಕೋರ, ತೆಗೆದುಹಾಕಿ ಅಂತ ಕೂಗಿದರು. ತೆಗೆದರು. ಗಲಾಟೆ ಅಡಗಿದ ಮೇಲೆ ವಾಪಸ್ ಬಂದು ಕೆಲಸ ಮುಗಿಸಿದ.

ಈಗ ಆ ಸಂಗ್ರಹದಲ್ಲಿ ರಾಜಾಜ್ಞೆಗಳಿರುವ ಭಾಗದ, ಅಂದರೆ ಕೋಡ್‌ನ, ಮೊದಲ ಪುಟ ತೆರೆದರೆ ಏನಿರಬಹುದು? ಕಳ್ಳತನ, ಆಸ್ತಿ, ಸಾಲ? ಅಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರನ್ನು ಒಂದೇ ದೇವರೆಂದು ನಂಬಬೇಕು ಎಂಬ 380ರ ರಾಜಾಜ್ಞೆ. ನಂಬದಿದ್ದರೆ ಕಾನೂನಿನ ಕಣ್ಣಲ್ಲಿ ಕೆಳಗಿನ ದರ್ಜೆ. ಹಾಗಂತ ರಾಜ ಚರ್ಚು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ತಪ್ಪು ಮಾಡಿದವರು ಓಡಿಬಂದು ಚರ್ಚಿನಲ್ಲಿ ಆಶ್ರಯ ಕೇಳಿದರೆ ಹಿಡಿಯುವಂತಿಲ್ಲ ಎಂಬ ಪದ್ಧತಿ ಇತ್ತಲ್ಲ, 535ರಲ್ಲಿ ಕೊಲೆಗಾರರಿಗೆ, ವ್ಯಭಿಚಾರಿಗಳಿಗೆ, ಹೆಣ್ಣಿನ ಮೇಲೆ ಕೈ ಮಾಡಿದವರಿಗೆ ಅದು ಇಲ್ಲ ಅಂದ.

ಭಾವ ಹೆಚ್ಚಾಗಿ ನಡೆಸಿದ್ದು ವಿಚ್ಛೇದನದ ಕೇಸುಗಳು. ಹಾಗಾಗಿ ಅವರಿಗೆ ಇನ್ನೊಂದು ಕಥೆ ಇಷ್ಟ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವುದು ರೋಮಿನಲ್ಲಿ ಹಳೆಯ ರೂಢಿ. 542ರಲ್ಲಿ ಜಸ್ಟಿನಿಯನ್ ಅದನ್ನು ನಿಲ್ಲಿಸಿದ. ಸನ್ಯಾಸಕ್ಕೆ ಹೋಗುವುದಾದರೆ ಮಾತ್ರ ಸರಿ ಅಂದ. 566ರಲ್ಲಿ ಅವನ ಉತ್ತರಾಧಿಕಾರಿ ಎರಡನೆಯ ಜಸ್ಟಿನ್ ನಿಷೇಧ ತೆಗೆದುಹಾಕಿದ. ಕಾರಣ ಆ ಕಾನೂನಿನ ಪೀಠಿಕೆಯಲ್ಲೇ ಇದೆ: ದಂಪತಿಗಳು ಒಬ್ಬರಿಗೊಬ್ಬರು ವಿಷ ಹಾಕುವ ಮಟ್ಟಕ್ಕೆ ಹೋಗುತ್ತಿದ್ದರು. "ನೋಡು, ಕೋರ್ಟಿನ ಮೆಟ್ಟಿಲು ಮುಚ್ಚಿದರೆ ಅಡುಗೆಮನೆ ತೆರೆಯುತ್ತೆ" ಅಂದರು ಭಾವ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದವರು ತಿರುಗಿ ನೋಡಿದರು.

ಹೊರಗೆ ಬಂದ ಮೇಲೆ ಜನ ನೇರ ಟ್ರಾಮಿಗೆ ಓಡುತ್ತಾರೆ. ನೀವು ಓಡಬೇಡಿ. ಅದೇ ಆವರಣದ ಬದಿಯಲ್ಲಿ ಸುಲ್ತಾನರ ಗೋರಿಗಳಿವೆ. ನಾವು ಹೋದಾಗ ಟಿಕೆಟ್ ಇರಲಿಲ್ಲ, ಜನವೂ ಇರಲಿಲ್ಲ. ಮೂರನೆಯ ಮುರಾದ್‌ನ ಗೋರಿಯೊಳಗೆ ಅವನ ಸುತ್ತ ಚಿಕ್ಕ ಚಿಕ್ಕ ಪೆಟ್ಟಿಗೆಗಳು. 1595ರಲ್ಲಿ ಅವನ ಮಗ ಮೂರನೆಯ ಮೆಹ್ಮದ್ ಪಟ್ಟಕ್ಕೆ ಬಂದಾಗ ತನ್ನ 19 ತಮ್ಮಂದಿರನ್ನು ಕೊಲ್ಲಿಸಿದ. ಅದಕ್ಕೆ ಕಾನೂನಿನ ಆಧಾರ ಇತ್ತು! ಕ್ರೈಸ್ತರಿಂದ ಈ ಊರು ಗೆದ್ದ ಎರಡನೆಯ ಮೆಹ್ಮದ್‌ನ ಕಾನೂನುನಾಮೆ ಎಂಬ ಕಟ್ಟಳೆ ಪುಸ್ತಕದಲ್ಲಿ, ಲೋಕದ ವ್ಯವಸ್ಥೆ ಉಳಿಯಲು ಪಟ್ಟಕ್ಕೆ ಬಂದವನು ಸಹೋದರರನ್ನು ಕೊಲ್ಲಬಹುದು, ಹೆಚ್ಚಿನ ಉಲೇಮಾಗಳೂ (ಧರ್ಮಪಂಡಿತರೂ) ಇದನ್ನು ಒಪ್ಪಿದ್ದಾರೆ ಎಂದಿದೆ. ಆ ಕೊನೆಯ ಮಾತು ಗಮನಿಸಿ. ರಾಜನ ಖಡ್ಗಕ್ಕೂ ಮೌಲ್ವಿಗಳ ಸಹಿ ಬೇಕಿತ್ತು. ಅಲ್ಲಿ ನಾವು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ರೂಮಿನ ಬಗ್ಗೆ ಎರಡೇ ಮಾತು. ಸುಲ್ತಾನ್‌ಅಹ್ಮೆತ್‌ನಲ್ಲಿ "ಸಮುದ್ರ ಕಾಣುವ" ರೂಮು ಅಂತ ಬುಕ್ ಮಾಡಿದ್ದೆ. ಬಚ್ಚಲುಮನೆಯ ಕಿಟಕಿಯಲ್ಲಿ ಕತ್ತು ಚಾಚಿದರೆ ಎರಡು ಬೆರಳಷ್ಟು ಸಮುದ್ರ. ಲಿಫ್ಟ್ ಇಲ್ಲ, ನಾಲ್ಕನೇ ಮಹಡಿ. ಮೂರನೇ ದಿನ ಸಾಮಾನು ಕಟ್ಟಿಕೊಂಡು ಬೆಯಾಜಿತ್ ಕಡೆ ಹೋದೆವು, ಅರ್ಧ ದುಡ್ಡಿಗೆ ದೊಡ್ಡ ರೂಮು ಸಿಕ್ಕಿತು. ನೀವು ಮೊದಲೇ ಅಲ್ಲಿಗೆ ಹೋಗಿ. ಸುಲೇಮಾನಿಯೆ ಮಸೀದಿಗೆ ಅಲ್ಲಿಂದ ನಡೆದೇ ಹೋಗಬಹುದು.

ಈಗ ಊಟ. ಸುಲೇಮಾನಿಯೆ ಎದುರಿಗೆ, ಹಳೆಯ ಮದರಸಾದ ಅಡಿಯಲ್ಲಿ ಸಾಲಾಗಿ ಅಂಗಡಿಗಳಿವೆ. ಎಲ್ಲದರಲ್ಲೂ ಒಂದೇ ತಿಂಡಿ, ಕುರು ಫಸುಲ್ಯೆ. ಅಂದರೆ ಒಣಗಿದ ಬಿಳಿ ಬೀನ್ಸ್ ಕಾಳು. ಟೊಮ್ಯಾಟೊ, ಈರುಳ್ಳಿ, ಬೆಣ್ಣೆ ಹಾಕಿ ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಾಳು ಒಡೆಯುವುದಿಲ್ಲ, ಬಾಯಿಗಿಟ್ಟರೆ ಕರಗುತ್ತದೆ. ಜೊತೆಗೆ ಉದುರುದುರಾದ ಅನ್ನ, ಅದರಲ್ಲೂ ಬೆಣ್ಣೆ. ಹಸಿ ಈರುಳ್ಳಿ, ವಿನೆಗರ್ ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ. ಅವರು ಅದಕ್ಕೆ ಐರಾನ್ ಅನ್ನುತ್ತಾರೆ, ನಮ್ಮದಕ್ಕೆ ಹೋಲಿಸಿದರೆ ಸ್ವಲ್ಪ ಮಂದ. ಬ್ರೆಡ್ ಬುಟ್ಟಿ ಖಾಲಿಯಾದರೆ ಕೇಳದೇ ತಂದಿಡುತ್ತಾರೆ. ಚೌಕದ ಹೋಟೆಲಿನಲ್ಲಿ ಎರಡು ಕಾಫಿಗೆ ಕೊಟ್ಟ ದುಡ್ಡಿಗೆ ಇಲ್ಲಿ ಇಬ್ಬರೂ ಹೊಟ್ಟೆ ತುಂಬ ಉಂಡೆವು. ಮೂರು ದಿನ ಮಧ್ಯಾಹ್ನ ಅಲ್ಲೇ. ಮೂರನೇ ದಿನ ನಮ್ಮನ್ನು ಕಂಡ ಕೂಡಲೇ ಎರಡು ತಟ್ಟೆ ಹಾಕಲು ಶುರು ಮಾಡಿದ್ದರು. ಸಸ್ಯಾಹಾರಿಗಳಿಗೆ ಒಂದು ಎಚ್ಚರ: ಕೆಲವು ಪಾತ್ರೆಯಲ್ಲಿ ಮಾಂಸದ ತುಂಡು ಇರುತ್ತದೆ. "ಎತ್‌ಸಿಜ್" ಅಂತ ಕೇಳಿ, ಮಾಂಸ ಇಲ್ಲದ್ದು ಎಂದರ್ಥ. ಸಾರಿಗೆ ಮೂಳೆಯ ರಸ ಹಾಕಿದ್ದಾರಾ ಅಂತಲೂ ಕೇಳಿಕೊಳ್ಳಿ. ಭಾವ ಎರಡೆರಡು ಸಲ ಕೇಳಿ, ಅಡುಗೆಯವನ ಮುಖ ನೋಡಿ, ಆಮೇಲೆ ತಿಂದರು.

ಮಸೀದಿ ಕಟ್ಟಿದ್ದು 1550ರಿಂದ 1557ರವರೆಗೆ, ಶಿಲ್ಪಿ ಸಿನಾನ್. ಇದು ಬರೀ ಮಸೀದಿಯಲ್ಲ. ಮದರಸಾಗಳು, ಆಸ್ಪತ್ರೆ, ಬಡವರಿಗೆ ಊಟ ಹಾಕುವ ಮನೆ ಎಲ್ಲ ಸೇರಿ ಒಂದು ವಕ್ಫ್. ಹಳ್ಳಿಗಳ ಆದಾಯ, ಅಂಗಡಿಗಳ ಬಾಡಿಗೆ ಇಂಥದ್ದಕ್ಕೆ ಬರಬೇಕು, ಖರ್ಚು ಹೀಗೇ ಆಗಬೇಕು ಅಂತ ಪತ್ರ ಬರೆದಿಟ್ಟರೆ ಅದು ದೇವರ ಆಸ್ತಿ. ಮಾರುವಂತಿಲ್ಲ. ಮೇಲೆ ಕಣ್ಣಿಡುವವನು ಕಾಜಿ.

ಇದನ್ನು ಕಟ್ಟಿಸಿದ ದೊರೆ ಸುಲೇಮಾನ್‌ಗೆ ಅಲ್ಲಿನ ಜನ ಇಟ್ಟ ಹೆಸರು ಕಾನೂನಿ. ಅಲ್ಲೇ ಇರುವ ಅವನ ಗೋರಿಯ ಬೋರ್ಡಿನ ಮೇಲೂ ಅದೇ ಇದೆ. ಭಾವ ಅದನ್ನು ಓದಿ ಬಾಗಿಲಲ್ಲೇ ನಿಂತುಬಿಟ್ಟರು. "ಏನೋ ಇದು, ನಮ್ಮ ಪದ!" ನಮ್ಮ ಪದವೇ. ಗ್ರೀಕರ ಕನೋನ್ ಅಂದರೆ ಅಳತೆಗೋಲು. ಚರ್ಚಿನ ಕಟ್ಟಳೆಗಳಿಗೆ ಕ್ಯಾನನ್ ಅಂದರು. ಅದೇ ಅರಬ್ಬಿಗೆ ಹೋಗಿ ಕಾನೂನ್ ಆಯಿತು, ಪಾರಸಿಯ ದಾರಿಯಲ್ಲಿ ನಮ್ಮ ತಾಲ್ಲೂಕು ಕಚೇರಿವರೆಗೆ ಬಂತು. ತಮಾಷೆ ಏನೆಂದರೆ ಚರ್ಚಿನವರಿಗೆ ಅದು ಧರ್ಮದ ಕಟ್ಟಳೆ, ಒಟ್ಟೊಮನ್ನರಿಗೆ ಷರಿಯತ್ತಿನ ಪಕ್ಕದಲ್ಲಿ ನಿಲ್ಲುವ ರಾಜನ ಕಟ್ಟಳೆ. ತೆರಿಗೆ, ಜಮೀನು, ದಂಡ ಅದರ ಕೆಲಸ. ವ್ಯಭಿಚಾರಕ್ಕೆ ಷರಿಯತ್ ಕೇಳುವ ನಾಲ್ಕು ಕಣ್ಣಾರೆ ಸಾಕ್ಷಿ ಸಿಗುವುದು ಕಷ್ಟ. ರಾಜನ ಕಾನೂನು ಅಲ್ಲಿ ದಂಡ ಹಾಕುತ್ತಿತ್ತು, ಶ್ರೀಮಂತನಿಗೆ ಜಾಸ್ತಿ, ಬಡವನಿಗೆ ಕಮ್ಮಿ.

ಎರಡನ್ನೂ ಹೊಲಿದು ಜೋಡಿಸಿದವರು ಎಬುಸ್ಸುಊದ್ ಎಫೆಂದಿ, 1545ರಿಂದ 1574ರವರೆಗೆ ಶೇಖುಲಿಸ್ಲಾಂ, ಅಂದರೆ ಸಾಮ್ರಾಜ್ಯದ ಮುಖ್ಯ ಮುಫ್ತಿ. ಅವರ ಫತ್ವಾಗಳ ಧಾಟಿ ಚೆನ್ನಾಗಿದೆ. ಕಕ್ಷಿದಾರರ ನಿಜವಾದ ಹೆಸರು ಇರುವುದಿಲ್ಲ. ಗಂಡಸಾದರೆ ಜೈದ್, ಅಮ್ರ್. ಹೆಂಗಸಾದರೆ ಹಿಂದ್. ಜೈದ್ ಹೀಗೆ ಮಾಡಿದರೆ ಆಗುತ್ತದೆಯೇ? ಉತ್ತರ ಬಹಳ ಸಲ ಒಂದೇ ಪದ: ಆಗುತ್ತದೆ, ಅಥವಾ ಆಗದು. ಹಣವನ್ನೇ ವಕ್ಫ್ ಮಾಡಿ, ಬಡ್ಡಿಗೆ ಬಿಟ್ಟು, ಆ ಆದಾಯದಲ್ಲಿ ಧರ್ಮಕಾರ್ಯ ನಡೆಸುವ ರೂಢಿ ಇತ್ತು. ಬಿರ್ಗಿವಿ ಎಂಬ ಪಂಡಿತರು ಇದು ಹರಾಮ್ ಅಂದರು. ಎಬುಸ್ಸುಊದ್, ಜನರಲ್ಲಿ ಬೇರೂರಿದ ರೂಢಿ, ನಿಲ್ಲಿಸಿದರೆ ನಷ್ಟ ಅಂತ ಒಪ್ಪಿಕೊಂಡರು. ಭಾವನಿಗೆ ಇವರು ಬಹಳ ಹಿಡಿಸಿದರು.

ಅದೇ ತಪ್ಪಾಯಿತು. ಅವರ ಗೋರಿ ಐಯೂಪ್ ಅನ್ನುವ ಬಡಾವಣೆಯಲ್ಲಿದೆ ಅಂತ ಶುಕ್ರವಾರ ಹೊರಟೆವು. ಶುಕ್ರವಾರ ಐಯೂಪ್‌ಗೆ ಹೋಗಬೇಡಿ, ದಯವಿಟ್ಟು. ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಕಾರ್ಡಿನಲ್ಲಿ ಒಬ್ಬರಿಗಾಗುವಷ್ಟೇ ದುಡ್ಡಿತ್ತು, ಡ್ರೈವರ್ ನಗದು ಮುಟ್ಟಲಿಲ್ಲ. ಹಿಂದಿದ್ದ ಅಜ್ಜಿಯೊಬ್ಬರು ತಮ್ಮ ಕಾರ್ಡ್ ತೋರಿಸಿ ಭಾವನನ್ನು ಒಳಗೆ ತಳ್ಳಿದರು, ದುಡ್ಡು ಕೊಟ್ಟರೆ ಬೇಡವೆಂದರು. ಒಂದೂವರೆ ಗಂಟೆ ನಿಂತೇ ಹೋದೆವು. ನನಗೆ ಜನಜಂಗುಳಿ ಆಗುವುದಿಲ್ಲ, ಉಸಿರು ಕಟ್ಟುತ್ತೆ. ಗೋರಿಯ ಮುಂದೆ ಎರಡು ನಿಮಿಷ ನಿಂತು ವಾಪಸ್. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹೋದರೆ ನಿಮಗೆ ಬೇರೆ ಅನುಭವ ಆಗಬಹುದು. ಉಳಿದ ಎರಡು ದಿನದ ಬಗ್ಗೆ ಬರೆಯುವಂಥದ್ದೇನಿಲ್ಲ, ದೋಣಿ ಹತ್ತಿದೆವು, ಭಾವನಿಗೆ ನೆಗಡಿ ಆಯಿತು.

ಕೊನೆಯ ದಿನ ಮತ್ತೆ ಸುಲೇಮಾನ್‌ನ ಗೋರಿಗೆ ಹೋದೆವು, ಒಂದು ಕಾರಣಕ್ಕೆ. 1166ರಲ್ಲಿ ಕ್ರೈಸ್ತ ಚಕ್ರವರ್ತಿ ಮ್ಯಾನುಯೆಲ್, "ತಂದೆ ನನಗಿಂತ ದೊಡ್ಡವನು" ಎಂಬ ಏಸುವಿನ ಮಾತಿಗೆ ಅರ್ಥ ಇದೇ ಅಂತ ಆಜ್ಞೆ ಹೊರಡಿಸಿದ. ಒಪ್ಪದವರಿಗೆ ಶಿಕ್ಷೆಯನ್ನೂ ಸೇರಿಸಿ ಅಮೃತಶಿಲೆಯಲ್ಲಿ ಕೆತ್ತಿಸಿ ಆಯಾ ಸೋಫಿಯಾದಲ್ಲಿ ನಿಲ್ಲಿಸಿದ. ನಾನೂರು ವರ್ಷದ ಮೇಲೆ, 1567ರಲ್ಲಿ, ಆ ಚಪ್ಪಡಿಗಳನ್ನು ಕಿತ್ತು ತಂದು ಸುಲೇಮಾನ್‌ನ ಗೋರಿಯ ಮುಂದಿನ ಮಂಟಪದ ಚಾವಣಿಗೆ ಹಾಕಿದರು. ದುರಸ್ತಿ ಮಾಡುವಾಗ ಹಿಂಬದಿಯ ಬರಹ ಸಿಕ್ಕಿತು. ಕೆಳಗಿನಿಂದ ಒಂದಕ್ಷರವೂ ಕಾಣುವುದಿಲ್ಲ. ಆದರೂ ಹೋಗಿ ನಿಲ್ಲಿ. ಭಾವ ಕತ್ತು ಎತ್ತಿ ನೋಡುತ್ತಲೇ ಇದ್ದರು, ಕಾವಲಿನವನು ಬಂದು ಮೇಲೆ ಏನಿದೆ ಅಂತ ಸನ್ನೆಯಲ್ಲೇ ಕೇಳಿದ.

ಹನ್ನೆರಡಕ್ಕೆಲ್ಲ ಅಲ್ಲಿಂದ ಹೊರಡಿ. ಒಂದು ಗಂಟೆ ಆದಮೇಲೆ ಬೀನ್ಸ್ ಅಂಗಡಿಯಲ್ಲಿ ಮೇಜು ಸಿಗುವುದಿಲ್ಲ.