ಟ್ಯಾಬ್ ಕೊಟ್ಟರೆ ಮಕ್ಕಳು ಪದ್ಯ ಮರೆಯೋದಿಲ್ವಾ?

ಮೂರನೇ ತರಗತಿಯಲ್ಲಿ ಟ್ಯಾಬ್ ಇಟ್ಟುಕೊಂಡು ಪದ್ಯ ಕಲಿಸುತ್ತೇನೆ ಅಂದ ಕೂಡಲೇ ಪೋಷಕರು ಕೇಳುತ್ತಾರೆ: "ಹಾಡಿ ಹಾಡಿ ತಾನೇ ಪದ್ಯ ಬಾಯಿಗೆ ಬರೋದು ಟೀಚರ್? ಟ್ಯಾಬ್ ಯಾಕೆ?"

ಹೌದು, ಹಾಡಿ ಹಾಡಿಯೇ. ಟ್ಯಾಬ್ ಬೇಕಾಗಿರುವುದೂ ಅದಕ್ಕೇ.

ಗೋವಿನ ಹಾಡನ್ನೇ ತಗೊಳ್ಳಿ. ಪುಣ್ಯಕೋಟಿಯ ಕಥೆ ಮಕ್ಕಳಿಗೆ ಮೊದಲೇ ಗೊತ್ತು. ಹಾಗಾಗಿ ಸಾಲುಗಳ ಕಡೆ ಕಿವಿ ಕೊಡದೆ ಓಡಿಸಿಬಿಡುತ್ತಾರೆ. ನಾವು ಬಳಸುವುದು ಸ್ಕ್ರ್ಯಾಚ್ ಜೂನಿಯರ್. ಆದೇಶದ ಬ್ಲಾಕ್‌ಗಳನ್ನು ಜೋಡಿಸಿ ಚಿತ್ರಗಳು ಓಡಾಡುವ ಕಥೆ ಮಾಡುವ, ಚಿಕ್ಕ ಮಕ್ಕಳಿಗೆಂದೇ 2014ರಲ್ಲಿ ಬಂದ ಉಚಿತ ಆ್ಯಪ್. ಅದರ ಬ್ಲಾಕ್‌ಗಳ ಮೇಲೆ ಇರುವುದು ಚಿತ್ರಗಳು, ಹಾಗಾಗಿ ಇಂಗ್ಲಿಷ್ ಅಡ್ಡ ಬರುವುದಿಲ್ಲ. ಮಕ್ಕಳು ತಮ್ಮ ದನಿಯನ್ನೇ ಅದರಲ್ಲಿ ರೆಕಾರ್ಡ್ ಮಾಡಬಹುದು.

ಒಂದು ಕಥೆಗೆ ನಾಲ್ಕೇ ಪುಟ. ಈ ಮಿತಿ ನನಗೆ ತುಂಬಾ ಇಷ್ಟ. ಅಷ್ಟುದ್ದದ ಹಾಡಿನಲ್ಲಿ ಯಾವ ನಾಲ್ಕು ಇಟ್ಟುಕೊಳ್ಳೋದು? ಗುಂಪಿನಲ್ಲಿ ಜಗಳವೇ ಆಗುತ್ತದೆ. ಕಳೆದ ವರ್ಷ ಒಂದು ಗುಂಪು ಗೊಲ್ಲ ಹಸುಗಳನ್ನು ಕರೆಯುವ ಭಾಗವನ್ನು ಪೂರ್ತಿ ಬಿಟ್ಟಿತು. ನೀನು ಹೋದರೆ ನನಗೆ ಯಾರು ಗತಿ ಅಂತ ಕರು ತಾಯಿಯನ್ನು ಕೇಳುತ್ತದಲ್ಲ, ಅದಕ್ಕೇ ಒಂದಿಡೀ ಪುಟ ಬೇಕಂತೆ. ಪಾಠದ ಕೊನೆಯ ಪ್ರಶ್ನೋತ್ತರ ಬರೆಸಿ ನಾನು ಇದನ್ನು ಯಾವತ್ತೂ ಪಡೆದಿರಲಿಲ್ಲ.

ನನ್ನದು ಒಂದೇ ನಿಯಮ: ಮೊದಲು ದನಿ, ಆಮೇಲೆ ಚಿತ್ರ. ಮೊದಲ ವರ್ಷ ಚಿತ್ರದಿಂದ ಶುರು ಮಾಡಿದ್ದೆ. ಹುಲಿಯ ಪಟ್ಟೆಗೆ ಬಣ್ಣ ತುಂಬುವುದರಲ್ಲೇ ಪೀರಿಯಡ್ ಮುಗಿಯುತ್ತಿತ್ತು, ಪದ್ಯವನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಈಗ "ಧರಣಿ ಮಂಡಲ ಮಧ್ಯದೊಳಗೆ" ಅಂತ ಚಪ್ಪಾಳೆ ತಟ್ಟುತ್ತಾ ಶುರು ಮಾಡುತ್ತೇವೆ. ಧರಣಿ ಮೂರು ಮಾತ್ರೆ (ಅಂದರೆ ಉಚ್ಚಾರದ ಕಾಲದ ಅಳತೆ), ಮಂಡಲ ನಾಲ್ಕು. ಮಾತ್ರೆ ಎಂಬ ಪದವನ್ನು ನಾನು ಹೇಳಿಕೊಡುವುದಿಲ್ಲ, ಕೈಗೆ ಲೆಕ್ಕ ಸಿಕ್ಕರೆ ಸಾಕು. ಆಮೇಲೆ ರೆಕಾರ್ಡಿಂಗ್. ತನ್ನ ದನಿಯನ್ನು ತಾನೇ ಕೇಳಿದಾಗ ಎಲ್ಲಿ ಓಡಿದೆ, ಎಲ್ಲಿ ಎಡವಿದೆ ಅಂತ ಮಗುವಿಗೇ ಗೊತ್ತಾಗುತ್ತದೆ. "ಮಿಸ್, ಇನ್ನೊಂದ್ಸಲ!" ಒಬ್ಬ ಹುಡುಗಿ ಹುಲಿಯ ಮಾತನ್ನು 14 ಸಲ ರೆಕಾರ್ಡ್ ಮಾಡಿದಳು. ಹುಲಿಗೆ ಹಸಿವಾಗಿದೆ, ಆದರೆ ಕೂಗಬಾರದು ಅಂತ ಅವಳ ಹಟ. ಅಷ್ಟರಲ್ಲಿ ಆ ಸಾಲುಗಳು ಅವಳ ಬೆಂಚಿನವರಿಗೆಲ್ಲ ಬಾಯಿಪಾಠ ಆಗಿದ್ದವು.

ಟ್ಯಾಬ್ ಇಲ್ಲದ ಶಾಲೆಯ ಟೀಚರ್‌ಗಳೂ ಕೇಳುತ್ತಾರೆ. ನಿಮ್ಮ ಮೊಬೈಲಿನ ವಾಯ್ಸ್ ರೆಕಾರ್ಡರ್ ಮತ್ತು ನಾಲ್ಕು ಡ್ರಾಯಿಂಗ್ ಹಾಳೆ ಸಾಕು. ಹಾಳೆ ಒಂದೊಂದಾಗಿ ಎತ್ತಿ ಹಿಡಿಯಿರಿ, ದನಿ ಹಾಕಿ. ಟ್ಯಾಬ್ ಬರುವ ಮುಂಚೆ ನಾನೂ ಹಾಗೇ ಮಾಡಿದ್ದೆ. ಕರುವಿನ ಪುಟವನ್ನು ಆಗಲೂ ಯಾವ ಗುಂಪೂ ಬಿಟ್ಟಿರಲಿಲ್ಲ.